ಎರಡನೇ ಸಲ ಬಂದ ಗಿರಾಕಿ

ಕೈಯಾಗ ಕತ್ತರಿ ಹಿಡದು ಕುಂತಾವನ ಮನಿಗಿ ಫಜೀತಿ ಕರೀದೇನೇ ಬರ್ತಾವ್ರಿ. ಆಳಂದದ ನಮ್ಮ ಮನಿಗಿ ಒಂದು ವರ್ಷ ದಿನಾ ಬಂದ್ವು. ಚಾ ಕುಡದು, ನಕ್ಕು, ನಾಳಿಗಿ ಮತ್ತ ಬರ್ತೇವಿ ಅಂತ ಹೇಳಿ ಹೋದ್ವು.

ಮೊದಲ ನನ್ನ ಹಕೀಕತ್ತು ಹೇಳಿಬಿಡ್ತೇನಿ. ಗುಲಬರ್ಗಾದಾಗ ಬಿ.ಕಾಂ. ಓದಾಕ ಹೋಗಿದ್ದೆ. ಎರಡನೇ ವರ್ಷಕ್ಕ ಕಾಲೇಜಿಗೂ ನನಗೂ ಕೂಡಿ ಬರಲಿಲ್ಲ. ಒಬ್ಬರನ್ನೊಬ್ಬರು ಬಿಟ್ಟಿವಿ. ಯಾರು ಮೊದಲ ಬಿಟ್ರು ಅನ್ನೋದು ಇನ್ನೂ ಇತ್ಯರ್ಥ ಆಗಿಲ್ಲ. ವಾಪಸ್ ಬರೂವಾಗ ಟ್ರಂಕಿನ್ಯಾಗ ಪುಸ್ತಕ ಇರಲಿಲ್ಲ, ಒಂದು ಕರಿ ಕೋಟು ಇತ್ತು. ಫುಟ್‌ಪಾತಿನ್ಯಾಗ ತಗೊಂಡಿದ್ದು. ಅವ್ವ ಅದನ್ನ ಎರಡೂ ಕೈಲೆ ಎತ್ತಿ ಹಿಡದು, "ಇದು ಕೋಟೋ, ಡೇರೇನೋ? ಇದ್ರಾಗ ನೀನೂ ಹೋಗ್ತಿ, ನಿಮ್ಮಪ್ಪನೂ ಹೋಗ್ತಾನ, ನಡುವ ನಾನೂ ಹೋಗಬಹುದು" ಅಂದ್ಲು.

ಆಗ ಸೊಲ್ಲಾಪುರ ಕಡಿಂದ ಫಾರಿನ್ ಹಳೇ ಬಟ್ಟಿ ಗಂಟುಗಟ್ಟಲೆ ಬರ್ತಿದ್ವು. ಆಳಂದದ ಸಂತ್ಯಾಗ ತಾಡಪತ್ರಿ ಹಾಸಿ ಗುಡ್ಡ ಸುರೀತಿದ್ರು. ಬಟ್ಟಿ ಅಂದ್ರ ಬಟ್ಟಿ! ಹರಿಯೂದಿಲ್ಲ, ಬಣ್ಣ ಬಿಡೂದಿಲ್ಲ. ಒಂದೇ ಐಬು. ಆ ದೇಶದ ಮಂದಿ ಏನು ತಿಂತಾರೋ ಏನೋ, ಒಂದೊಂದು ಪ್ಯಾಂಟಿನ್ಯಾಗ ನಮ್ಮೂರಿನ ಇಬ್ಬರು ಸಲೀಸಾಗಿ ಸಂಸಾರ ಮಾಡಬಹುದಿತ್ತು. ಮಂದಿ ಆಸೆಗಿ ತರ್ತಿದ್ರು, ಮನ್ಯಾಗ ತೊಟ್ಟು ನೋಡಿ ಅಳ್ತಿದ್ರು. ದೊಡ್ಡ ಟೇಲರ್‌ಗಳು, "ಹೊಸಾದು ಹೊಲಿಸ್ರಿ, ಇಂಥಾದು ನಾವು ಮುಟ್ಟೂದಿಲ್ಲ" ಅಂತಿದ್ರು. ನನಗ ಹೊಳೀತು, ಮುಟ್ಟಾಂವ ನಾನೇ ಯಾಕ ಆಗಬಾರದು? ಅವ್ವನ ಕೈಮಷೀನು ಅಟ್ಟದ ಮ್ಯಾಲಿಂದ ಇಳಿಸಿದೆ.

ಅಪ್ಪ ನರೋಣಾ ಸಾಲಿ ಹೆಡ್ ಮಾಸ್ತರ. ದಿನಾ ಬಸ್ಸಿಗಿ ಹೋಗಿ ಬರ್ತಿದ್ದ. ಭಾಷಣಕ್ಕ ಹೆಸರಾದ ಮನಷ್ಯಾ. ಆಗಸ್ಟ್ ಹದಿನೈದಕ್ಕ ಮಾತಾಡಾಕ ನಿಂತ್ರ ಹುಡುಗರ ಕೈಯಾಗಿನ ಪೆಪ್ಪರ್‌ಮಿಂಟ್ ಕರಗಿ ನೀರಾಗ್ತಿದ್ವು, ಆತ ಇನ್ನೂ "ಮೊದಲನೆಯದಾಗಿ" ಅಂತಿದ್ದ. ನನಗ ಮಾತ್ರ ಗಿಡ್ಡ ಭಾಷಣ ಮಾಡಿದ.

"ಮುಂದಿನ ವರ್ಷದ ದೀಪಾವಳಿ ತನ ನೋಡ್ತೇನಿ. ಒಮ್ಮೆ ಹೊಲಿಸಿಕೊಂಡು ಹೋದ ಗಿರಾಕಿ ಎರಡನೇ ಸಲ ತಾನಾಗೇ ನಿನ್ನ ಹತ್ರ ಹೊಲಿಸಾಕ ಬರಬೇಕು. ಒಬ್ಬಾಂವ ಬಂದ್ರೂ ಸಾಕು, ನೀ ದರ್ಜಿ ಅಂತ ಒಪ್ತೇನಿ. ಇಲ್ಲಂದ್ರ ಅಫಜಲಪುರಕ್ಕ ನಡಿ. ನಿಮ್ಮ ಮಾವನ ಕಿರಾಣಿ ದುಕಾನದಾಗ ಮೆಣಸಿನಕಾಯಿ ಚೀಲ ಹೊರು."

ಮೆಣಸಿನಕಾಯಿ ಘಾಟು ಬಂದ್ರ ನನಗ ಸೀನು ನಿಂದ್ರೂದಿಲ್ಲ. ಮಾವ ಅದಕ್ಕಿಂತ ಘಾಟು. "ನಾ ನಿನ್ನ ವಯಸ್ಸಿನ್ಯಾಗ" ಅಂತ ಸುರು ಮಾಡಿದ್ರ ಅಂಗಡಿ ಬಾಗಿಲು ಹಾಕೂ ತನ ಆತಗ ನನ್ನ ವಯಸ್ಸು ದಾಟೂದಿಲ್ಲ. ಒಬ್ಬನೇ ಒಬ್ಬ ಗಿರಾಕಿ, ಎರಡನೇ ಸಲ. ಅದೇನು ದೊಡ್ಡದು, ಅಂದೆ.

ಲುಂಗಿ ಹೋದದ್ದು

ಮೊದಲನೇ ಗಿರಾಕಿ ನಮ್ಮ ಓಣಿ ಚಾ ಹೋಟೆಲಿನ ಕಾಕಾ. ಸಂತ್ಯಾಗಿಂದ ಪ್ಯಾಂಟು ತಂದಿದ್ದ. ತೊಟ್ಟು ನಡದ್ರ ಪಾದದ ಮುಂದ ಒಂದು ಗೇಣು ಬಟ್ಟಿ ದಾರಿ ತೋರಿಸ್ಕೋತ ಹೋಗ್ತಿತ್ತು.

"ಉದ್ದ ಕಡಿಮಿ ಮಾಡೋ ತಮ್ಮಾ. ಜಲ್ದಿ ಮಾಡು, ಒಲಿ ಮ್ಯಾಲ ಹಾಲು ಇಟ್ಟು ಬಂದೇನಿ" ಅಂತ ಎದುರಿಗೇ ಕುಂತ.

ನಾ ನೆಲದ ಮ್ಯಾಲ ಮಷೀನು ಇಟ್ಕೊಂಡು, ಲುಂಗಿ ಉಟ್ಕೊಂಡು ಕುಂತು ಹೊಲಿಯಾಂವ. ಒಂದು ಕಾಲು ಮುಗಿಸಿದೆ. ಕಾಕಾ ಹಾಲು ಹಾಲು ಅನ್ನಾಕತ್ತಿದ್ದ. ಎರಡನೇ ಕಾಲು ಬಡಾಬಡಾ ಹೊಲದೆ. ಏನು ನೆಟ್ಟಗ ಬಿದ್ದಿದ್ವು ಅಂತೀರಿ ಟಾಕಿ! ದಾರ ಹರದು, ಎದ್ದು ನಿಂತು, "ತಗೋರಿ ಕಾಕಾ" ಅಂದೆ. ಆತ ಪ್ಯಾಂಟು ಕಸ್ಕೊಂಡು ಒಂದೇ ಜಿಗಿತಕ್ಕ ಬಾಗಿಲು ದಾಟಿದ. ಪ್ಯಾಂಟಿನ ಬೆನ್ನ ಹತ್ತಿ ನನ್ನ ಲುಂಗಿನೂ ಬಾಗಿಲು ದಾಟಿತು.

ಎರಡನೇ ಕಾಲಿನ ಜೋಡಿ ಲುಂಗಿ ಅಂಚೂ ಸೇರಿಸಿ ಹೊಲದಿದ್ದೆ.

"ಕಾಕಾ, ನಿಂದರ್ರಿ!" ಅಂತ ಬಾಗಿಲ ಮರಿಯಾಗ ನಿಂತು ಒದರಿದೆ. ಕೂಲಿ ಕೇಳಾಕತ್ತೇನಿ ಅಂತ ತಿಳದು ಆತ ತಿರುಗೂ ನೋಡದೆ, "ನಾಳಿ ಕೊಡ್ತೇನಿ ಬಿಡೋ, ಎಲ್ಲಿ ಓಡಿ ಹೋಗ್ತೇನಿ!" ಅಂತ ಓಡೇ ಹೋದ. ಓಣಿ ತುಂಬ ಲುಂಗಿ ಬಾಲದಂಗ ಹಾರಾಡ್ಕೋತ ಹೋತು.

ಮರುದಿನ ಮುಂಜಾನಿ ಕಾಕಾ ಬಂದ. ನಾ ಒಳಗ ಓಡಿ ಅಪ್ಪಗ ಹೇಳಿದೆ, "ನೋಡು, ಎರಡನೇ ಸಲ ಬಂದ!"

ಅಪ್ಪ ಪೇಪರಿನಿಂದ ಮಾರಿ ಎತ್ತಲಿಲ್ಲ. "ಯಾಕ ಬಂದಾನ?"

"ಲುಂಗಿ ಕೊಡಾಕ."

"ಹೊಲಿಸಾಕ ಬಂದ್ರ ಲೆಕ್ಕ. ನಿನ್ನ ಮರ್ಯಾದಿ ವಾಪಸ್ ಕೊಡಾಕ ಬಂದ್ರ ಲೆಕ್ಕಿಲ್ಲ."

ಕಿಸೆಗಳು ಬೀಗರಾದದ್ದು

ಎರಡನೇದಾಂವ ಒಬ್ಬ ಕ್ಲಾರ್ಕ. ಜೇವರ್ಗಿ ಕಡ್ಯಾಂವ, ಆಳಂದದಾಗ ನೌಕರಿ. ಮದುವಿ ಆಗಿರಲಿಲ್ಲ. ಒಂದು ಚಲೋ ಬೂದಿ ಬಣ್ಣದ ಪ್ಯಾಂಟು ಹಿಡ್ಕೊಂಡು ಬಂದ. ಅದರ ನಡ ನಲವತ್ತಾರು ಇಂಚು. ಆತನ ನಡ ಇಪ್ಪತ್ತೆಂಟು.

"ಐತವಾರ ಜೇವರ್ಗ್ಯಾಗ ಕನ್ಯಾ ನೋಡಾಕ ಹೋಗಬೇಕ್ರಿ. ಫಿಟಿಂಗ್ ಹಿಂಗ ಕೂಡಬೇಕು" ಅಂತ ಮುಷ್ಟಿ ಮಾಡಿ ತೋರಿಸಿದ.

ತಿಳದ ದರ್ಜಿ ಆಗಿದ್ರ ಪ್ಯಾಂಟು ಪೂರಾ ಬಿಚ್ಚಿ, ನಾಕೂ ಕಡಿ ಸ್ವಲ್ಪ ಸ್ವಲ್ಪ ಕತ್ತರಿಸಿ ಕೂಡಿಸ್ತಿದ್ದ. ನಾ ಯಾಕ ಅಷ್ಟು ತ್ರಾಸ ತಗೋಲಿ? ಹಿಂದಿನ ನಡುವಿನ ಹೊಲಿಗಿ ಒಂದೇ ಬಿಚ್ಚಿ ಹದಿನೆಂಟು ಇಂಚೂ ಅಲ್ಲೇ ಒಳಗ ತಗೊಂಡೆ. ನಡ ಮುಷ್ಟಿಯಂಗೇ ಕೂತಿತು. ಆತ ಮುಂದಿಂದ ಕನ್ನಡ್ಯಾಗ ನೋಡ್ಕೊಂಡ, ಖುಷಿ ಆಗಿ ಹೋದ. ಹಿಂದ ಯಾರು ನೋಡ್ಕೋತಾರ?

ಹಿಂದ ಎರಡು ಕಿಸೆ ಇದ್ವಲ್ಲ, ಅವು ದೂರದ ಊರಾಗ ಇದ್ದಾವು, ಹತ್ರ ಹತ್ರ ಬಂದು, ನಟ್ಟ ನಡುವ ಒಂದರ ಮ್ಯಾಲೊಂದು ಹತ್ತಿ ಕುಂತಿದ್ವು.

ಜೇವರ್ಗ್ಯಾಗ ಕನ್ಯಾ ಮನ್ಯಾಗ ಎಲ್ಲಾ ಸುರಳೀತ ನಡದಿತ್ತಂತ. ಹಿರೇರ ಕಾಲಿಗಿ ಬೀಳಾಕ ಅಂತ ಈತ ಬಗ್ಗಿದ. ಹಿಂದ ಅಡಗಿ ಮನಿ ಬಾಗಲದಾಗ ಚಾ ಹಿಡ್ಕೊಂಡು ಹುಡುಗಿ ನಿಂತಿದ್ಲು. ಆಕಿಗಿ ಆ ಕಿಸೆ ಕಂಡ್ವು. ಚಾದ ಟ್ರೇ ಗಡಗಡ ನಡಗಿತು. ಹುಡುಗಿ ಅಲ್ಲೇ ಟ್ರೇ ಇಟ್ಟು ಒಳಗ ಓಡಿದ್ಲು. ಒಳಗಿಂದ ನಗು ಬರಾಕತ್ತಿತು, ನಿಲ್ಲವಲ್ದು.

ಸೋಮವಾರ ಕ್ಲಾರ್ಕ ನಮ್ಮ ಮನಿ ಮುಂದ ನಿಂತು ಓಣಿ ಕೂಡಿಸಿದ. "ಏನಲೇ ಮಗನ, ಬಾಚಣಿಕಿಗಿ ಅಂತ ಬಲಗೈ ಹಾಕಿದ್ರೂ ಅಲ್ಲೇ, ರುಮಾಲಿಗಿ ಅಂತ ಎಡಗೈ ಹಾಕಿದ್ರೂ ಅಲ್ಲೇ! ಮದುವಿ ಆಗೂದು ನಾನೋ, ನನ್ನ ಕಿಸೆನೋ?"

ಅಪ್ಪ ಒಳಗಿಂದ, "ಜಗಳಕ್ಕ ಬಂದಾಂವನೂ ಲೆಕ್ಕಿಲ್ಲ" ಅಂದ.

ಆದ್ರ ಎರಡು ತಿಂಗಳಿಗಿ ಅದೇ ಕ್ಲಾರ್ಕ ಮತ್ತ ಬಂದ, ಕೈಯಾಗ ಲಗ್ನಪತ್ರಿಕಿ. ಹುಡುಗಿ ಅವರಪ್ಪಗ ಹೇಳಿದ್ಲಂತ, "ಮಾಡ್ಕೊಂಡ್ರ ಆತನ್ನೇ. ಇಷ್ಟು ನಗಿಸಿದಾಂವ ಈ ತನಾ ಯಾರೂ ಬಂದಿಲ್ಲ." ನನಗ ಎದಿ ಉಬ್ಬಿತು. "ಹಂಗಾರ ಮದುವಿ ಬಟ್ಟಿ ನಾನೇ ಹೊಲೀಲೇನ್ರಿ?" ಅಂದೆ.

ಆತ ಎರಡು ಹೆಜ್ಜಿ ಹಿಂದ ಸರದ. "ಬ್ಯಾಡಪ್ಪಾ. ಅಕ್ಕಿಕಾಳು ಬೀಳೂವಾಗ ಆಕಿ ಮತ್ತ ನಕ್ರ ಮುಗೀತು."

ಆಯಿಯ ಕೋಟಿನ ಚೀಟಿ

ಎದುರು ಮನಿ ಆಯಿಗಿ ಎಪ್ಪತ್ತು ದಾಟಿತ್ತು. ಚಳಿಗಾಲದಾಗ ನಸುಕಿನ್ಯಾಗೆದ್ದು ಜಿಡಗಾ ಮಠಕ್ಕ ಹೋಗ್ತಿದ್ಲು, ಹೋಗಿ ಬಂದು ಎರಡು ದಿನ ಕೆಮ್ಮತಿದ್ಲು. ಮಗ ಉಣ್ಣೀ ಕೋಟು ತಂದು ಕೊಟ್ಟ. ನಾ ಅದನ್ನ ಸಣ್ಣದು ಮಾಡಿದೆ. ಆ ಹೊತ್ತಿಗಿ ಕೈಗಿ ಸ್ವಲ್ಪ ಬುದ್ಧಿ ಬಂದಿತ್ತು, ಚಲೋ ಕೂತಿತು. ಆದ್ರ ಆಯಿ ತೊಡಾಕ ಒಲ್ಲೆ ಅಂತ ಹಟ ಹಿಡದ್ಲು.

"ಅದು ಸತ್ತವರದು ಇರಬೇಕೋ. ಜೀವಂತ ಇದ್ದಾವ ಇಂಥಾ ಬೆಚ್ಚನ್ನ ಕೋಟು ಯಾಕ ಬಿಟ್ಟಾನು?"

ಮಾತು ಖರೇನೇ. ನಾ ಕೋಟು ತಿರುವಿ ಮುರುವಿ ನೋಡಾಕತ್ತಿದ್ದೆ, ಅಷ್ಟರಾಗ ಅದರ ಒಳಕಿಸೆದಾಗ ಒಂದು ಚೀಟಿ ಸಿಕ್ಕಿತು. ಓಣಿ ಕೂಡಿತು. "ಓದೋ, ನೀ ಕಾಲೇಜು ಕಲತಾಂವ!"

ನೋಡಿದೆ. ಇಂಗ್ಲಿಷ್ ಅಲ್ಲ. ಅಕ್ಷರ ಇಂಗ್ಲಿಷಿನಂಗ, ಮಾತು ಮತ್ಯಾವ ದೇಶದ್ದೋ. "ಇದು ಇಂಗ್ಲಿಷ್ ಅಲ್ರೀ" ಅಂದೆ.

ಆಯಿ ಅಕ್ಕಪಕ್ಕದವರ ಕಡಿ ತಿರುಗಿ, "ಅದಕ್ಕೇ ಫೇಲಾಗ್ಯಾನ ನೋಡ್ರಿ" ಅಂದ್ಲು.

ಇದು ತಡಕೊಳ್ಳೂ ಮಾತಲ್ಲ. ಚೀಟಿ ಎತ್ತಿ ಹಿಡದು ಗಂಟಲು ಸರಿ ಮಾಡ್ಕೊಂಡು ಓದಿದೆ. "ಈ ಕೋಟು ತೊಡೂ ತಾಯಿಗಿ ಶರಣು. ನಾನು ಆರಾಮ ಅದೀನಿ. ಹೊಟ್ಟಿ ಬಂದು ಕೋಟು ಬಿಗಿ ಆಗಿದ್ದಕ್ಕ ಕೊಟ್ಟೇನಿ. ಖಂಡ ಮುಟ್ಟಿದಾಂವಲ್ಲ, ಹೆಂಡ ಮೂಸಿದಾಂವಲ್ಲ. ನೀವು ಇದನ್ನ ತೊಟ್ಟು ನೂರು ವರ್ಷ ಬಾಳ್ರಿ."

ಆಯಿ ಕಣ್ಣೀರು ಒರಸಿಕೊಂಡ್ಲು. ಕೋಟಿಗಿ ವಿಭೂತಿ ಹಚ್ಚಿ ತೊಟ್ಟೇಬಿಟ್ಟಳು. ಆ ವರ್ಷ ಕೆಮ್ಮು ಹತ್ರ ಸುಳೀಲಿಲ್ಲ.

ಎಂಟು ದಿನಕ್ಕ ಮತ್ತ ಬಂದ್ಲು. ನನಗ ಆಸೆ. "ಏನು ಹೊಲೀಲಿ ಆಯಿ?"

"ಹೊಲ್ಯಾಕಲ್ಲೋ. ಆತಗ ಜವಾಬ್ ಬರಿ. ಅಷ್ಟು ಚಂದ ಬರದಾನ, ನಾವು ಸುಮ್ನ ಕುಂತ್ರ ಆಳಂದದ ಮಂದಿಗಿ ರೀತಿ ಇಲ್ಲ ಅಂತಾನ." ಜೋಡಿ ಒಂದು ಡಬ್ಬಿ ಶೇಂಗಾ ಚಟ್ನಿ ಕೊಟ್ಲು. "ಇದನ್ನೂ ಕಳಸು. ಪಾಪ, ಅಲ್ಲಿ ಸಪ್ಪಂದು ತಿಂದು ಹೊಟ್ಟಿ ಬಂದದ."

ಚಟ್ನಿ ಆತನ ಪರವಾಗಿ ನಾನೇ ತಿಂದೆ. ತಿಂಗಳಿಗಿ ಆಯಿ ಕೇಳಿದ್ಲು, "ಏನಂದ?"

"ಭಾಳ ಚಲೋ ಇತ್ತು ಅಂದಾನ ಆಯಿ. ಬೆಳ್ಳುಳ್ಳಿ ಸ್ವಲ್ಪ ಜಾಸ್ತಿ ಹಾಕಬೇಕಂತ."

ಮರುದಿನ ಎರಡು ಡಬ್ಬಿ ಬಂದ್ವು.

ಇಜೇರಿ ಗೌಡರ ಗುಂಡಿ

ದೀಪಾವಳಿ ಒಂದೂವರೆ ತಿಂಗಳು ಉಳದಿತ್ತು. ಅಫಜಲಪುರದ ಮಾವ ಆಗಲೇ, "ಹುಡುಗಗ ಮಲಗಾಕ ಚೀಲದ ಕೋಲ್ಯಾಗ ಜಾಗಾ ಮಾಡೇನಿ" ಅಂತ ಹೇಳಿ ಕಳಿಸಿದ್ದ. ಅದನ್ನ ಕೇಳೇ ನಾ ನಾಕು ಸಲ ಸೀನಿದೆ.

ಅಷ್ಟರಾಗ ಇಜೇರಿಯ ಒಬ್ಬ ಗೌಡರು ಆಳಂದದ ಬೀಗರ ಮನಿಗಿ ಬಂದಾವರು ನನ್ನ ಹತ್ರ ಬಂದ್ರು. ಮೈ ಒಣಗಿದ ತೊಗರಿ ಕಟ್ಟಿಗಿ. ಮೀಸಿ ಮಾತ್ರ ಕುಡಗೋಲು ಜೋಡಿಸಿಟ್ಟಂಗ. ಮೀಸಿ ತೆಗದು ತೂಗಿದ್ರ ಮನಷ್ಯಾಂದು ಏನೂ ಉಳೀತಿರಲಿಲ್ಲ. ಅವರ ಕೈಯಾಗ ದಪ್ಪನ್ನ ಹಸರು ಕೋಟು. ಅಳತಿಗಿ ತಂದು ಕೊಟ್ಟೆ, ಹುಲಿಯಂಗ ತೊಟ್ಟು ಹೋದ್ರು.

ಹದಿನೈದು ದಿನಕ್ಕ ಓಣಿ ತುದ್ಯಾಗ ಮೀಸಿ ಕಂಡಿತು. ಹಿಂದ ಗೌಡರು. ಕೈಯಾಗ ಬಡಿಗಿ.

ನಾ ಜ್ವಾಳದ ಚೀಲದ ಹಿಂದ ಹೋಗಿ ಕುಂತೆ. ಅವ್ವ, "ಊರಾಗಿಲ್ರಿ ಅಂವ" ಅಂದ್ಲು. ಜ್ವಾಳದ ಧೂಳಿಗಿ ನನ್ನ ಮೂಗು, "ಅದೀನ್ರಿ" ಅಂತ ಮೂರು ಸಲ ಸಾಕ್ಷಿ ಹೇಳಿತು.

"ಹೊರಗ ಬಾ ಬೇಟಾ" ಅಂದ್ರು ಗೌಡರು. "ಜೇವರ್ಗಿ ಬಸ್‌ಸ್ಟ್ಯಾಂಡಿನ್ಯಾಗ ಒಬ್ಬ ಮಿಲಿಟ್ರಿ ರಿಟೈರಾದಾಂವ ಇಪ್ಪತ್ತು ಮಂದಿ ಮುಂದ ನನಗೇನಂದ ಗೊತ್ತೇನು? 'ಗೌಡ್ರ, ನಿಮ್ಮ ಕೋಟಿನ ಗುಂಡಿ ಎಡಕ್ಕವ. ಗಂಡಸರದು ಬಲಕ್ಕಿರ್ತಾವ. ಇದು ಯಾವಾಕಿನೋ ಮೇಡಮ್ ಕೋಟು' ಅಂದ."

ಗುಂಡಿಗಿ ಗಂಡು ಹೆಣ್ಣು ಅದಾವ ಅಂತ ನನಗ ಆವತ್ತೇ ಗೊತ್ತಾಗಿದ್ದು. "ತಪ್ಪಾತ್ರಿ ಗೌಡ್ರ" ಅಂತ ಕಾಲಿಗಿ ಬಗ್ಗಿದೆ.

"ಏಳಲೇ. ನೀ ತಪ್ಪು ಮಾಡೀದಿ ಅಂತ ಯಾರಂದ್ರು? ನಾ ಆತಗೇನಂದೆ ಅದನ್ನ ಹೇಳಾಕ ಬಂದೇನಿ." ಬಡಿಗಿ ಗ್ವಾಡಿಗಿ ಆನಿಸಿ, ಎರಡೂ ಕೈಲೆ ಮೀಸಿ ಹುರಿ ಮಾಡಿದ್ರು. "'ಗುಂಡಿ ಯಾವ ಕಡಿ ಇದ್ರೇನೋ, ಮೀಸಿ ಎರಡೂ ಕಡಿ ಅದಲ್ಲ!' ಅಂದೆ. ಬಸ್‌ಸ್ಟ್ಯಾಂಡೇ ಚಪ್ಪಾಳಿ ಹೊಡೀತು!"

ಚಾ ಕುಡದು ಹೋದ್ರು. ಹೊಲಿಸಾಕ ಮಾತ್ರ ಏನೂ ತಂದಿರಲಿಲ್ಲ.

ಉಡದಾರದ ಅಳತಿ

ದೀಪಾವಳಿ ವಾರ ಉಳೀತು. ಹಬ್ಬಕ್ಕ ನಾಕು ದಿನ ಮೊದಲ ಅಪ್ಪನ ರಿಟೈರ್‌ಮೆಂಟು. ನರೋಣಾ ಸಾಲ್ಯಾಗ ಬೀಳ್ಕೊಡುಗಿ ಸಮಾರಂಭ. ಅಪ್ಪ ತಿಂಗಳಿಂದ ಭಾಷಣ ಬರದು ಬರದು ಇಟ್ಟಿದ್ದ, ಎರಡು ನೋಟ್‌ಬುಕ್ಕು ತುಂಬಿದ್ವು. ತೊಡಾಕ ಅಂತ ಟ್ರಂಕಿನಿಂದ ತನ್ನ ಮದುವಿ ಕೋಟು ತೆಗದ್ರ, ಇಲಿಗಳು ಅದರಾಗ ತಮ್ಮ ಮದುವಿ ಮುಗಿಸಿ ಬಾಣಂತನಾನೂ ಮಾಡಿದ್ವು.

ಅವ್ವ ನನ್ನ ಕರದು ಪಿಸುಪಿಸು ಮಾತಾಡಿದ್ಲು. "ನೀ ತಂದಿದ್ದಿಯಲ್ಲ ಆ ಡೇರೆ, ಕರಿ ಕೋಟು, ಅದನ್ನ ನಿಮ್ಮಪ್ಪಗ ಮಾಡಿಬಿಡು."

"ಅಪ್ಪ ಮಂದಿ ಬಟ್ಟಿ ಮುಟ್ಟೂದಿಲ್ಲ, ನನ್ನ ಹೊಲಿಗಿ ಅಂತೂ ಮೊದಲೇ ಇಲ್ಲ."

"ಅಫಜಲಪುರದಿಂದ ನನ್ನ ತಮ್ಮ ಕಳಿಸ್ಯಾನ ಅಂತೇನಿ. ನೀ ಬಾಯಿ ಮುಚ್ಕೊಂಡು ಹೊಲಿ."

ಆದ್ರ ಅಳತಿ? ಅಪ್ಪನ ನಡಕ್ಕ ಟೇಪು ಹಾಕಿದ್ರ ಗುಟ್ಟು ರಟ್ಟಾಗ್ತದ. ಭುಜ, ತೋಳು ಗೂಟಕ್ಕ ಹಾಕಿದ ಅಂಗಿಲಿಂದ ಸಿಕ್ವು. ಅಂಗಿ ನಡ ಮಾತ್ರ ಚೀಲದಂಗ ಸಡಿಲ, ಅದನ್ನ ನಂಬೂವಂಗಿಲ್ಲ. ಆವಾಗ ಅವ್ವ ಶಾಣ್ಯಾತನ ಮಾಡಿದ್ಲು. ಮೊನ್ನೆ ಅಪ್ಪ ಹಳೇ ಉಡದಾರ ಬಿಚ್ಚಿ ಹೊಸಾದು ಕಟ್ಕೊಂಡಿದ್ದ. ಹಳೇದನ್ನ ಮಲ್ಲಿಗಿ ಬಳ್ಳಿ ಕಟ್ಟಾಕ ಅಂತ ಎತ್ತಿ ಇಟ್ಟಿದ್ಲು. "ತಗೋ, ಇದಕ್ಕಿಂತ ಖರೇ ಅಳತಿ ಎಲ್ಲಿ ಸಿಕ್ಕೀತು? ಮೂವತ್ತು ವರ್ಷ ನಡದಾಗೇ ಅದ."

ಉಡದಾರ ನೆಲದ ಮ್ಯಾಲ ಚಾಚಿ ಅಳದೆ. ಕೋಟಿನ ಒಂದೊಂದು ಹೊಲಿಗಿ ಬಿಚ್ಚಿದೆ, ಅಸ್ತರ ಬ್ಯಾರೆ ತೆಗದೆ, ಎಲ್ಲಾ ಕಡಿ ಸ್ವಲ್ಪ ಸ್ವಲ್ಪ ಕತ್ತರಿಸಿದೆ. ಕಿಸೆ ತಮ್ಮ ತಮ್ಮ ಊರಾಗೇ ಉಳದ್ವು. ಗುಂಡಿ ಬಲಕ್ಕೇ ಇದ್ವು, ಎರಡು ಸಲ ನೋಡ್ಕೊಂಡೆ. ಹೊಲಿಯೂವಾಗ ಪ್ಯಾಂಟು ತೊಟ್ಟಿದ್ದೆ. ವರ್ಷದಾಗ ಕಲತದ್ದೆಲ್ಲಾ ಆ ಕೋಟಿನ್ಯಾಗ ಹಾಕಿದೆ. ತಯಾರಾದಾಗ ಮೈ ಜುಮ್ ಅಂತು. ಹೊಸಾ ಕೋಟೇ ಸೈ.

ಒಂದು ಮಾತು ಮಾತ್ರ ಮಗನಿಗೂ ತಾಯಿಗೂ ಇಬ್ಬರಿಗೂ ಹೊಳೀಲಿಲ್ಲ. ಗಂಡಸರಿಗಿ ವಯಸ್ಸಾದಂಗ ಹೊಟ್ಟಿ ಮ್ಯಾಲ ಬೆಳೀತದ, ಉಡದಾರ ಕೆಳಗ ಜಾರ್ತದ. ಉಡದಾರ ಇರೂದು ಹೊಟ್ಟಿ ಕೆಳಗ. ಕೋಟಿನ ಗುಂಡಿ ಬೀಳೂದು ಹೊಟ್ಟಿ ಮ್ಯಾಲ.

ಅಪ್ಪ ಕೋಟು ತೊಟ್ಟ. ಗುಂಡಿ ಹಾಕೂವಾಗ ಉಸಿರು ಬಿಟ್ಟು, ಕಣ್ಣು ಮುಚ್ಚಿ, ಹಾಕಿದ. ಮತ್ತ ಉಸಿರು ತಗೊಂಡದ್ದು ನಾ ನೋಡಲಿಲ್ಲ. "ನಿನ್ನ ತಮ್ಮಗ... ಚಲೋ... ಬುದ್ಧಿ ಅದ" ಅಂತ ಅವ್ವಗ ಹೇಳಿ ಬಸ್ಸು ಹತ್ತಿದ. ಬೆನ್ನ ಹಿಂದ ನಾನೂ ಹತ್ತಿದೆ.

ಸಾಲಿ ಅಂಗಳ ತುಂಬಿತ್ತು. ಎಲ್ಲಾರೂ ಮನಿಂದ ಉಂಡೇ ಬಂದಿದ್ರು, ಭಾಷಣ ಎಷ್ಟು ಹೊತ್ತು ಅಂತ ಅವರಿಗಿ ಗೊತ್ತಿತ್ತು. ಅಪ್ಪ ಎದ್ದು ನಿಂತ. ನೋಟ್‌ಬುಕ್ಕು ತೆಗದ. "ಮೊದಲನೆಯದಾಗಿ" ಅಂದ. ನಿಂತ. ಮಾರಿ ಕೆಂಪಾತು. ಬಾಯಿ ತೆಗದ, ಮಾತು ಬರಲಿಲ್ಲ. "ಮಕ್ಕಳೇ..." ಅಂದ. ಕಣ್ಣಾಗ ನೀರು ಬಂತು. "ಇಷ್ಟೇ..." ಅಂತ ಕೈಮುಗದು ಕುಂತುಬಿಟ್ಟ.

ಹಿಂದಿನ ಸಾಲಿನ್ಯಾಗ ಯಾರೋ ಬಿಕ್ಕಿದ್ರು. ಸಾಲಿ ಜವಾನ ಅಳಾಕತ್ತಿದ. ಗಣಿತದ ಮಾಸ್ತರ, ಅಪ್ಪನ ಜೋಡಿ ಹತ್ತು ವರ್ಷ ಮಾತು ಬಿಟ್ಟಾಂವ, ಓಡಿ ಬಂದು ತಬ್ಬಿಕೊಂಡ. "ಸರ್, ಮಾತಿಲ್ಲದ ಮಾತು ಅಂದ್ರ ಇದು ನೋಡ್ರಿ!" ತಬ್ಬಿದಾಗ ಕೋಟಿನ್ಯಾಗ ಟರ್ ಅಂದದ್ದು ನನಗೊಬ್ಬಗೇ ಕೇಳಿಸ್ತು. ಆಮ್ಯಾಲ ಅಪ್ಪನ ಮಾರಿಗಿ ಸ್ವಲ್ಪ ಬಣ್ಣ ಬಂತು.

ಮನಿಗಿ ಬಂದು ಅಪ್ಪ ಕೋಟು ಗೂಟಕ್ಕ ಹಾಕಿ ಮಲಗಿಬಿಟ್ಟ. ನಾ ಟ್ರಂಕು ತೆಗದು ಅಫಜಲಪುರಕ್ಕ ಅಂಗಿ ಮಡಚಾಕತ್ತಿದೆ.

ಮರುದಿನ ಮುಂಜಾನಿ ಮಷೀನಿನ ಮುಂದ ನೆರಳು ಬಿತ್ತು. ಅಪ್ಪ ನಿಂತಿದ್ದ, ಕೈಯಾಗ ಕೋಟು.

"ಹರದದ. ಹೊಲಿ. ಹೊಟ್ಟಿ ಹತ್ರ ಎರಡು ಬಟ್ಟು ಬಿಡು."

"ಯಾವಾಗ ಗೊತ್ತಾತು ನಿನಗ?" ಅಂದೆ.

"ತೊಟ್ಟ ಕೂಡ್ಲೇ. ಉಸಿರು ನಿಂತ್ರ ನಿನ್ನ ಕೈ ಅಂತ ಗೊತ್ತಾಗಲ್ಲೇನಲೇ?"

"ಮತ್ತ ಯಾಕ ತೊಟ್ಟಿ?"

ಅಪ್ಪ ಅಂಗಳ ನೋಡ್ಕೋತ ಹೇಳಿದ. "ಭುಜ ಚಲೋ ಕೂತಿತ್ತು." ಕೋಟು ನನ್ನ ಕೈಗಿ ಕೊಟ್ಟು, "ಮೂವತ್ತು ವರ್ಷ ಭಾಷಣ ಮಾಡೇನಿ, ಒಬ್ಬಾಂವನೂ ಅತ್ತಿರಲಿಲ್ಲ" ಅಂದ.

ನಾ ಲೆಕ್ಕ ಹಾಕಿದೆ. ನಿನ್ನೆ ಒಮ್ಮೆ. ಇವತ್ತು ಎರಡನೇ ಸಲ. ತಾನಾಗೇ ಬಂದಾನ. ಜಗಳಕ್ಕಲ್ಲ, ಹೊಲಿಸಾಕ. ಮಡಚಿದ ಅಂಗಿ ಕಾಲಿಲೆ ಸರಿಸಿ ಎದ್ದೆ. ಹುಟ್ಟಿದಾಗಿಂದ ನೀ ಅಂದಾಂವಗ ಆವತ್ತು ಮೊದಲನೇ ಸಲ ಮರ್ಯಾದಿ ಕೊಟ್ಟೆ.

"ಬರ್ರಿ ಮಾಸ್ತರ, ಹಿಂಗ ನಿಂದರ್ರಿ. ಈ ಸಲ ಖರೇ ಅಳತಿ ತಗೋತೇನಿ. ನೀವು ಆ ಭಾಷಣ ಸುರು ಮಾಡ್ರಿ. ಎಲ್ಲಿ ಜಾಸ್ತಿ ಉಸಿರು ಬೇಕಾಗ್ತದ, ಅಷ್ಟಕ್ಕ ಗುರುತು ಹಾಕ್ತೇನಿ."

ಅಪ್ಪ ನನ್ನ ಮಾರಿ ನೋಡಿದ, ಅಣಕಸಾಕತ್ತೇನೇನೋ ಅಂತ. ಆಮ್ಯಾಲ ಕಿಸೆದಾಗಿಂದ ನೋಟ್‌ಬುಕ್ಕು ತೆಗದ. "ಮೊದಲನೆಯದಾಗಿ..."

ಒಂದು ತಾಸು. ಅವ್ವ ಎರಡು ಸಲ ಚಾ ಮಾಡಿದ್ಲು. ಎದುರು ಮನಿ ಆಯಿ ಕೋಟು ತೊಟ್ಟು ಬಂದು ಕುಂತ್ಲು. ನಾ ಅಪ್ಪನ ಹೊಟ್ಟಿ ಸುತ್ತ ಟೇಪು ಹಿಡ್ಕೊಂಡೇ ನಿಂತಿದ್ದೆ. ಎರಡನೇ ನೋಟ್‌ಬುಕ್ಕಿನ ಕಡೀ ಹಾಳ್ಯಾಗ ನನ್ನ ಹೆಸರು ಬಂತು. ಕಾಲೇಜು ಬಿಟ್ಟಾಂವ ಅಂತಲ್ಲ, ದರ್ಜಿ ಅಂತ. ಕೋಟು ತೊಡೂದಕ್ಕ ಮೊದಲೇ ಬರದಿಟ್ಟಿದ್ದ.

ಭಾಷಣ ಮುಗೀತು. ನನಗ ತಡಕೊಳ್ಳಾಕ ಆಗಲಿಲ್ಲ, ಎರಡೂ ಕೈ ಎತ್ತಿ ಚಪ್ಪಾಳಿ ಹೊಡದೆ. ಟೇಪು ಜಾರಿ ನೆಲಕ್ಕ ಬಿತ್ತು. ಅಳತಿ ಹೋತು.

"ಹೋಗ್ಲಿ ಬಿಡು" ಅಂದ ಅಪ್ಪ, ಹಾಳಿ ಹಿಂದಕ್ಕ ತಿರವಿ. "ಮತ್ತ ಮೊದಲಿಂದ ಹೇಳ್ತೇನಿ."